ಕಾರಣ ಸಿಗದ ಸಾವು: ಅಲರ್ಜಿಯನ್ನು ಹುಡುಕುವುದು ಹೇಗೆ

ಗಟ್ಟಿಮುಟ್ಟಾಗಿದ್ದವರು ಇದ್ದಕ್ಕಿದ್ದಂತೆ ಕುಸಿದು ಸತ್ತಾಗ ಎಲ್ಲರ ಅನುಮಾನವೂ ಮೊದಲು ಹೃದಯದ ಕಡೆಗೆ ಹೋಗುತ್ತದೆ. ಆಮೇಲೆ ವಿಷ, ಮಾದಕ ವಸ್ತು, ಮೆದುಳಿನ ರಕ್ತಸ್ರಾವ. ಅಲರ್ಜಿಯ ನೆನಪಾಗುವ ಹೊತ್ತಿಗೆ ತಟ್ಟೆ ತೊಳೆದಾಗಿರುತ್ತದೆ, ಆಸ್ಪತ್ರೆಯ ರಕ್ತದ ಮಾದರಿಯನ್ನು ಚೆಲ್ಲಿಯಾಗಿರುತ್ತದೆ, ಕೆಲವೊಮ್ಮೆ ಅಂತ್ಯಕ್ರಿಯೆಯೂ ಮುಗಿದಿರುತ್ತದೆ. ಆಗ ವರದಿಯಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆಯುವುದಷ್ಟೇ ಉಳಿಯುತ್ತದೆ.

ಶವಪರೀಕ್ಷೆ ಮಾಡುವ ವೈದ್ಯರು, ಸ್ಥಳಕ್ಕೆ ಹೋಗುವ ತನಿಖಾಧಿಕಾರಿಗಳು ಮತ್ತು ಉತ್ತರ ಸಿಗದೆ ಕುಳಿತಿರುವ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಖರ್ಚಿಲ್ಲದ ಪ್ರಶ್ನೆಗಳು ಮೊದಲು, ದುಬಾರಿ ಪರೀಕ್ಷೆಗಳು ಕೊನೆಗೆ.

ಒಳಗೆ ಏನಾಗುತ್ತದೆ ಎಂಬುದು ತಿಳಿದಿದ್ದರೆ ಮುಂದಿನದು ಸುಲಭ. ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿಯಲ್ಲಿ ಚರ್ಮ, ಶ್ವಾಸನಾಳ, ಕರುಳು ಮತ್ತು ಹೃದಯದ ಸುತ್ತ ಇರುವ ಮಾಸ್ಟ್ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಒಮ್ಮೆಲೇ ಹಿಸ್ಟಮಿನ್, ಟ್ರಿಪ್ಟೇಸ್ ಮುಂತಾದ ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ. ರಕ್ತನಾಳಗಳಲ್ಲಿರುವ ದ್ರವದ ಮೂರನೆಯ ಒಂದು ಭಾಗ ಹತ್ತೇ ನಿಮಿಷಗಳಲ್ಲಿ ಅಂಗಾಂಶಗಳಿಗೆ ಸೋರಿಹೋಗಬಹುದು. ಸಾವು ಎರಡು ದಾರಿಯಲ್ಲಿ ಬರುತ್ತದೆ: ಉಸಿರಿನ ದಾರಿ ಮುಚ್ಚಿ, ಇಲ್ಲವೇ ರಕ್ತದೊತ್ತಡ ಪಾತಾಳಕ್ಕಿಳಿದು. ಮೊದಲನೆಯದು ಶವದಲ್ಲಿ ಗುರುತು ಬಿಡುತ್ತದೆ. ಎರಡನೆಯದು ಹೆಚ್ಚಾಗಿ ಬಿಡುವುದಿಲ್ಲ. ತನಿಖೆಯ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಎಲ್ಲಕ್ಕಿಂತ ಮೊದಲು ಮೂರು ಕೆಲಸ

ಇವುಗಳಿಗೆ ಎರಡನೆಯ ಅವಕಾಶವಿಲ್ಲ. ಮೃತರನ್ನು ಆಸ್ಪತ್ರೆಗೆ ಒಯ್ದಿದ್ದರೆ, ಅಲ್ಲಿ ತೆಗೆದ ರಕ್ತವನ್ನು ಎಸೆಯಬೇಡಿ ಎಂದು ಅಂದೇ ಪ್ರಯೋಗಾಲಯಕ್ಕೆ ತಿಳಿಸಿ. ಉಳಿಕೆ ಮಾದರಿಗಳನ್ನು ಅಲ್ಲಿ ಕೆಲವೇ ದಿನ ಇಡುತ್ತಾರೆ, ಆದರೆ ಜೀವವಿದ್ದಾಗ ತೆಗೆದ ರಕ್ತಕ್ಕೆ ಸಮನಾದ ಸಾಕ್ಷ್ಯ ಬೇರೊಂದಿಲ್ಲ. ತಿಂದು ಉಳಿದ ಆಹಾರ, ಅದರ ಪೊಟ್ಟಣ, ಮಾತ್ರೆಯ ಸ್ಟ್ರಿಪ್ ಮತ್ತು ಔಷಧಿಯ ಸೀಸೆ, ಬಳಸಿದ ಅಥವಾ ಬಳಸದ ಅಡ್ರಿನಲಿನ್ ಪೆನ್ನು (ತೀವ್ರ ಅಲರ್ಜಿಯಾದಾಗ ಚುಚ್ಚಿಕೊಳ್ಳುವ ಔಷಧಿಯ ಸೂಜಿ) ಇವನ್ನೆಲ್ಲ ಪ್ರತ್ಯೇಕವಾಗಿ ಎತ್ತಿಡಿ. ಆಹಾರ ಶೀತಲಪೆಟ್ಟಿಗೆಗೆ ಹೋಗಲಿ. ಮೂರನೆಯದು, ಕೊನೆಯ ಆರು ಗಂಟೆಗಳ ಚಟುವಟಿಕೆಯನ್ನು ಗಂಟೆಗಂಟೆಗೆ ಬರೆದುಕೊಳ್ಳಿ. ಬರೆಯುವಾಗ ‘ಅವರಿಗೆ ಅಲರ್ಜಿ ಇತ್ತೇ?’ ಎಂಬ ಒಂದೇ ಪ್ರಶ್ನೆಗೆ ನಿಲ್ಲಬೇಡಿ. ‘ಇಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಬಾಯಿ ತುರಿಸುತ್ತದೆ ಎಂದು ಯಾವುದಾದರೂ ತಿನಿಸನ್ನು ದೂರವಿಡುತ್ತಿದ್ದರೇ, ಮೈಮೇಲೆ ಪಿತ್ತದ ಗಂಧೆ ಏಳುತ್ತಿತ್ತೇ, ಯಾವುದೋ ಮಾತ್ರೆ ಆಗಿಬರುವುದಿಲ್ಲ ಎನ್ನುತ್ತಿದ್ದರೇ, ಉಬ್ಬಸವಿತ್ತೇ ಎಂದು ಬಿಡಿಬಿಡಿಯಾಗಿ ಕೇಳಿದರೆ ಅದೇ ಮನೆಯವರು ಬೇರೆಯೇ ಕಥೆ ಹೇಳುತ್ತಾರೆ.

ಉಳಿದ ಆಹಾರವನ್ನು ‘ಏನಿದೆಯೋ ನೋಡೋಣ’ ಎಂದು ಯಾರೂ ರುಚಿ ನೋಡಕೂಡದು. ಅದು ವಿಷವೂ ಆಗಿರಬಹುದು.

ಲಕ್ಷಣ: ಊಟದ ನಡುವೆ ಅಥವಾ ಊಟವಾದ ಸ್ವಲ್ಪ ಹೊತ್ತಿನಲ್ಲೇ ಕುಸಿದರು

ತುತ್ತು ಸಿಕ್ಕಿಕೊಂಡಿತೇ ಎಂಬುದನ್ನು ಮೊದಲು ನೋಡಬೇಕು. ಗಂಟಲಿನಲ್ಲಿ ಆಹಾರದ ತುಂಡು ಗಟ್ಟಿಯಾಗಿ ಕುಳಿತಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಆದರೆ ಸಾಯುವ ಹೊತ್ತಿನಲ್ಲಿ ವಾಂತಿಯಾಗಿ ಗಂಟಲಿಗೆ ಬಂದ ಆಹಾರವನ್ನು ಕಂಡು ‘ಉಸಿರುಗಟ್ಟಿ ಸಾವು’ ಎಂದು ಮುಗಿಸಿಬಿಡುವುದೂ ಉಂಟು. ತುತ್ತು ಸಿಕ್ಕಿಕೊಂಡವರಿಗೆ ಮಾತು ಹೊರಡುವುದಿಲ್ಲ. ಅಲರ್ಜಿಯಾದವರು ಆರಂಭದಲ್ಲಿ ಮಾತನಾಡುತ್ತಾರೆ: ಬಾಯಿ ಉರಿಯುತ್ತಿದೆ, ಗಂಟಲು ಕಟ್ಟಿದಂತಾಗಿದೆ, ಅಂಗೈ ಅಂಗಾಲು ತುರಿಸುತ್ತಿದೆ, ಏನೋ ಕೇಡಾಗಲಿದೆ ಅನ್ನಿಸುತ್ತಿದೆ ಎನ್ನುತ್ತಾರೆ. ಈ ಕೊನೆಯ ಮಾತನ್ನು ಸಾಕ್ಷಿಗಳು ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸಾವು ಬಂತೆಂಬ ಭೀತಿ ಅನಾಫಿಲ್ಯಾಕ್ಸಿಸ್‌ನ ಗುರುತಿಸಲಾದ ಲಕ್ಷಣಗಳಲ್ಲಿ ಒಂದು.

ಜೊತೆಯಲ್ಲಿ ಉಂಡವರ ಸ್ಥಿತಿ ಏನು ಎಂಬುದು ಮುಂದಿನ ಪ್ರಶ್ನೆ. ಹಲವರಿಗೆ ವಾಂತಿ ಭೇದಿಯಾಗಿದ್ದರೆ ವಿಷಾಹಾರದ ಕಡೆಗೆ ತಿರುಗಿ. ಒಬ್ಬರಿಗೇ ಆಗಿದ್ದರೆ ಅಲರ್ಜಿಯ ಅನುಮಾನ ಬಲವಾಗುತ್ತದೆ. ನಡುವೆ ಒಂದು ಮೋಸಗೊಳಿಸುವ ಸ್ಥಿತಿಯಿದೆ. ಸರಿಯಾಗಿ ತಂಪಿನಲ್ಲಿಡದ ಕೆಲವು ಜಾತಿಯ ಮೀನಿನಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ತುಂಬಿಕೊಳ್ಳುತ್ತದೆ. ಅದನ್ನು ತಿಂದವರಿಗೆ ಮುಖ ಕೆಂಪೇರಿ, ದದ್ದು ಎದ್ದು, ತಲೆ ಸಿಡಿದು, ನೋಡುವುದಕ್ಕೆ ಅಲರ್ಜಿಯಂತೆಯೇ ಕಾಣುತ್ತದೆ. ಆದರೆ ಹಿಸ್ಟಮಿನ್ ಹೊರಗಿನಿಂದ ಬಂದದ್ದು, ಮಾಸ್ಟ್ ಕೋಶಗಳು ಒಡೆದಿಲ್ಲ. ಹಾಗಾಗಿ ಟ್ರಿಪ್ಟೇಸ್ ಏರಿರುವುದಿಲ್ಲ.

ಸಮಯದ ಅಳತೆಯನ್ನು ಒಂದು ಹಳೆಯ ಅಧ್ಯಯನದಿಂದ ತೆಗೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ರಿಚರ್ಡ್ ಪಂಫ್ರಿ 1992ರಿಂದ 1998ರವರೆಗಿನ ಅಲರ್ಜಿ ಸಾವುಗಳನ್ನು ಒಟ್ಟುಗೂಡಿಸಿ ನೋಡಿದಾಗ, ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಮಧ್ಯಾಂಕ ಸಮಯ ಆಹಾರದಿಂದಾದರೆ 30 ನಿಮಿಷ, ಕೀಟದ ಕಡಿತದಿಂದಾದರೆ 15 ನಿಮಿಷ, ಆಸ್ಪತ್ರೆಯಲ್ಲಿ ಕೊಟ್ಟ ಔಷಧಿಯಿಂದಾದರೆ 5 ನಿಮಿಷ ಎಂದು ಕಂಡುಬಂತು. ಇವು ಮಧ್ಯದ ಅಂಕಿಗಳು, ಗಡಿಗಳಲ್ಲ ಎಂಬುದು ನೆನಪಿರಲಿ.

ತಿಂದದ್ದು ವರ್ಷಗಳಿಂದ ತಿನ್ನುತ್ತಿದ್ದ ಪದಾರ್ಥವೇ ಎಂದು ಮನೆಯವರು ವಾದಿಸಿದರೆ, ಆ ದಿನ ಬೇರೇನು ಸೇರಿತ್ತು ಎಂದು ಕೇಳಿ. ಗೋಧಿ ತಿಂದರೆ ಏನೂ ಆಗದ, ಗೋಧಿ ತಿಂದು ಓಡಿದರೆ ಮಾತ್ರ ಕುಸಿಯುವ ಜನರಿದ್ದಾರೆ. ವ್ಯಾಯಾಮ, ಮದ್ಯ, ಆಸ್ಪಿರಿನ್ ಅಥವಾ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ, ಜ್ವರ: ಇವುಗಳಲ್ಲಿ ಯಾವುದಾದರೂ ಒಂದು ಸೇರಿಕೊಂಡಾಗ ಅಲ್ಲಿಯವರೆಗೆ ಸುಮ್ಮನಿದ್ದ ಅಲರ್ಜಿ ಸಿಡಿಯುತ್ತದೆ.

ಲಕ್ಷಣ: ಉಬ್ಬಸ ಹೆಚ್ಚಾಗಿ ಸತ್ತರು ಎನ್ನುತ್ತಾರೆ

ಆಹಾರದ ಅಲರ್ಜಿಯಿಂದ ಸಾಯುವವರಲ್ಲಿ ಬಹುಪಾಲು ಜನರಿಗೆ ಮೊದಲೇ ಅಸ್ತಮಾ ಇರುತ್ತದೆ. ಹಾಗಾಗಿ ‘ಅಸ್ತಮಾ ಸಾವು’ ಎಂಬ ಚೀಟಿಯಡಿ ಅಲರ್ಜಿ ಸಾವು ಅಡಗಿಕೊಳ್ಳುವುದು ತೀರಾ ಸುಲಭ. ಶ್ವಾಸಕೋಶ ಹಿಗ್ಗಿ ನಿಂತಿರುವುದು, ಶ್ವಾಸನಾಳಗಳಲ್ಲಿ ಲೋಳೆಯ ಬಿರಡೆ, ಇವು ಎರಡರಲ್ಲೂ ಕಾಣುತ್ತವೆ.

ಇಲ್ಲಿ ನೆರವಾಗುವುದು ವೇಗ. ದಿನಗಟ್ಟಲೆ ಕೆಮ್ಮು ದಮ್ಮು ಏರುತ್ತಾ ಬಂದು, ಇನ್ಹೇಲರ್ ಮತ್ತೆ ಮತ್ತೆ ಬಳಸಿ, ಕೊನೆಗೆ ಸೋತದ್ದಾದರೆ ಅಸ್ತಮಾ ಇರಬಹುದು. ಮಧ್ಯಾಹ್ನದವರೆಗೆ ಚೆನ್ನಾಗಿದ್ದು, ಏನನ್ನೋ ತಿಂದ ಅರ್ಧ ಗಂಟೆಯಲ್ಲಿ ಉಬ್ಬಸ ಶುರುವಾಗಿ ಇನ್ಹೇಲರ್‌ಗೆ ಜಗ್ಗದೆ ಹೋದದ್ದಾದರೆ ತಟ್ಟೆಯಲ್ಲಿ ಏನಿತ್ತೆಂದು ಕೇಳದೆ ಮುಂದೆ ಹೋಗಬೇಡಿ. ಜೊತೆಗೆ ಹೊಟ್ಟೆನೋವು, ವಾಂತಿ, ತುಟಿಯ ಊತ ಇದ್ದವೇ ಎಂದೂ ಕೇಳಿ. ಅಸ್ತಮಾ ಒಂದೇ ಆಗಿದ್ದರೆ ಹೊಟ್ಟೆ ಮತ್ತು ಚರ್ಮ ಸುಮ್ಮನಿರುತ್ತವೆ.

ಲಕ್ಷಣ: ಔಷಧಿ ಕೊಟ್ಟ ಕೂಡಲೇ, ಅಥವಾ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ

ಸಮಯ ಇಲ್ಲಿ ಸ್ಪಷ್ಟವಾಗಿರುತ್ತದೆ, ಅನುಮಾನವೂ ಬೇಗ ಬರುತ್ತದೆ. ಕಷ್ಟವಿರುವುದು ಬೇರೆ ಕಡೆ: ಒಂದೇ ಹತ್ತು ನಿಮಿಷದಲ್ಲಿ ಐದಾರು ವಸ್ತುಗಳು ದೇಹ ಸೇರಿರುತ್ತವೆ. ಆ್ಯಂಟಿಬಯಾಟಿಕ್ ಮತ್ತು ಅರಿವಳಿಕೆಯಲ್ಲಿ ಬಳಸುವ ಸ್ನಾಯು ಸಡಿಲಿಸುವ ಔಷಧಿಯನ್ನು ಎಲ್ಲರೂ ಎಣಿಸುತ್ತಾರೆ. ಸ್ಕ್ಯಾನಿನಲ್ಲಿ ಚಿತ್ರ ಸ್ಪಷ್ಟವಾಗಲೆಂದು ಕೊಟ್ಟ ಕಾಂಟ್ರಾಸ್ಟ್ ದ್ರವ, ಲೇಟೆಕ್ಸ್ ಕೈಗವಸು, ಚರ್ಮ ಒರೆಸಿದ ಸೋಂಕುನಿವಾರಕ ಕ್ಲೋರ್‌ಹೆಕ್ಸಿಡಿನ್ ಪಟ್ಟಿಗೆ ಸೇರುವುದೇ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಅಂತೂ ಕೆಲವು ಕ್ಯಾತಿಟರ್‌ಗಳ ಲೇಪನದಲ್ಲಿ, ಮೂತ್ರನಾಳಕ್ಕೆ ಹಚ್ಚುವ ಜೆಲ್‌ನಲ್ಲಿ ಕೂಡ ಅಡಗಿರುತ್ತದೆ. ಅರಿವಳಿಕೆಯ ಚೀಟಿಯನ್ನು ನಿಮಿಷದ ಲೆಕ್ಕದಲ್ಲಿ ಓದಿ. ಮೃತರು ಬೀಟಾ ಬ್ಲಾಕರ್ ಎಂಬ ಹೃದಯ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ನೋಡಿ; ಅದು ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಚಿಕಿತ್ಸೆ ಸಕಾಲಕ್ಕೆ ಸಿಕ್ಕರೂ ಫಲಿಸದೆ ಹೋಗಬಹುದು.

ಅಲರ್ಜಿ ಸಾವು ಎಂದರೆ ತಾನಾಗಿಯೇ ವೈದ್ಯರ ತಪ್ಪು ಎಂದಲ್ಲ. ಮೊದಲ ಸಲ ಕಾಣಿಸಿಕೊಂಡ ಅಲರ್ಜಿಯನ್ನು ಯಾರೂ ಮುಂಗಾಣಲಾರರು. ಆ ತೀರ್ಮಾನವನ್ನು ಶವಾಗಾರದ ಬಾಗಿಲಲ್ಲಿ ಮಾಡಬೇಡಿ.

ಲಕ್ಷಣ: ಬಯಲಿನಲ್ಲಿ, ನೀರಿನಲ್ಲಿ, ವಾಹನದಲ್ಲಿ ಶವ ಸಿಕ್ಕಿತು

ಸಾಕ್ಷಿಗಳಿಲ್ಲದ ಸಾವು. ಬರಿಗಣ್ಣು ಮತ್ತು ಒಂದು ಭೂತಗನ್ನಡಿಯಿಂದ ಆರಂಭಿಸಿ. ಕೀಟ ಕಚ್ಚಿದ ಗುರುತು ಒಂದು ಚುಕ್ಕೆಯಷ್ಟೇ ಇರಬಹುದು. ತಲೆಗೂದಲಿನ ಅಂಚು, ಕಿವಿಯ ಹಿಂಭಾಗ, ಕುತ್ತಿಗೆ, ಬೆರಳ ಸಂದು, ಬಾಯಿಯ ಒಳಭಾಗ ಎಲ್ಲವನ್ನೂ ನೋಡಿ. ಜೇನುನೊಣ ಕೊಂಡಿಯನ್ನು ಚರ್ಮದಲ್ಲೇ ಬಿಟ್ಟುಹೋಗುತ್ತದೆ, ಕಣಜ ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಕೊಂಡಿ ಸಿಗಲಿಲ್ಲ ಎಂದ ಮಾತ್ರಕ್ಕೆ ಕಡಿತವಿಲ್ಲ ಎನ್ನಲಾಗದು. ಅನುಮಾನ ಬಂದ ಜಾಗದ ಚರ್ಮವನ್ನು, ಜೊತೆಗೆ ದೇಹದ ಇನ್ನೊಂದು ಬದಿಯ ಅದೇ ಜಾಗದ ಚರ್ಮವನ್ನು ಹೋಲಿಕೆಗೆಂದು ತೆಗೆದಿಡಿ.

ನೂರಾರು ಹುಳುಗಳು ಮುತ್ತಿ ಕಚ್ಚಿದ್ದರೆ ಲೆಕ್ಕವೇ ಬೇರೆ. ಅಲ್ಲಿ ನಂಜೇ ನೇರವಾಗಿ ಕೊಲ್ಲುತ್ತದೆ. ಸ್ನಾಯುಗಳು ಕರಗಿ, ಮೂತ್ರಪಿಂಡ ಸೋತು, ಸಾವು ಗಂಟೆಗಳ ಅಥವಾ ದಿನಗಳ ನಂತರವೂ ಬರಬಹುದು. ಒಂದೆರಡು ಕಡಿತಕ್ಕೆ ನಿಮಿಷಗಳಲ್ಲಿ ಸತ್ತರೆ ಮಾತ್ರ ಅಲರ್ಜಿಯ ಕಡೆ ನೋಡಬೇಕು, ಮೃತರಿಗೆ ಹಿಂದೆ ಎಂದೂ ಹಾಗಾಗಿರದಿದ್ದರೂ ಸರಿ.

ಅಪಘಾತದ ಹೊದಿಕೆಯಡಿಯೂ ಅಲರ್ಜಿ ಇರುತ್ತದೆ. ಚಾಲಕನಿಗೆ ಕಣಜ ಕಚ್ಚಿ, ಪ್ರಜ್ಞೆ ತಪ್ಪಿ, ವಾಹನ ಮರಕ್ಕೆ ಗುದ್ದಿದರೆ ನಮ್ಮ ಕಣ್ಣಿಗೆ ಬೀಳುವುದು ತಲೆಯ ಗಾಯ. ತಣ್ಣೀರಿನ ಸ್ಪರ್ಶಕ್ಕೇ ಮೈಯೆಲ್ಲ ಗಂಧೆ ಏಳುವ ಕಾಯಿಲೆ ಕೆಲವರಿಗಿದೆ. ಅಂಥವರು ತಣ್ಣನೆಯ ನೀರಿಗೆ ಧುಮುಕಿದರೆ ರಕ್ತದೊತ್ತಡ ಕುಸಿದು ಮುಳುಗಬಹುದು. ಚೆನ್ನಾಗಿ ಈಜು ಬಲ್ಲವರು ಕಾರಣವಿಲ್ಲದೆ ಮುಳುಗಿದ್ದರೆ ಈ ಸಾಧ್ಯತೆಯನ್ನು ಒಮ್ಮೆ ನೆನೆಯಿರಿ.

ಲಕ್ಷಣ: ಊಟವಾಗಿ ಗಂಟೆಗಳೇ ಕಳೆದಿದ್ದವು, ಮೈಮೇಲೆ ದದ್ದೂ ಇಲ್ಲ

ಅಲರ್ಜಿಯನ್ನು ಹೆಚ್ಚಾಗಿ ಕೈಬಿಡುವುದು ಇಲ್ಲಿಯೇ. ‘ಅಲರ್ಜಿ ಎಂದರೆ ತಿಂದ ಕೂಡಲೇ’ ಎಂಬ ನಂಬಿಕೆಗೆ ಒಂದು ದೊಡ್ಡ ಅಪವಾದವಿದೆ. ದನ, ಹಂದಿ, ಕುರಿಯಂತಹ ಸಸ್ತನಿಗಳ ಮಾಂಸದಲ್ಲಿ ಆಲ್ಫಾ ಗಾಲ್ ಎಂಬ ಸಕ್ಕರೆ ಇರುತ್ತದೆ, ಮನುಷ್ಯರಲ್ಲಿ ಇರುವುದಿಲ್ಲ. ಕೆಲವು ಜಾತಿಯ ಉಣ್ಣಿಗಳು ಕಚ್ಚಿದಾಗ ಈ ಸಕ್ಕರೆಯ ವಿರುದ್ಧ ದೇಹ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಆಮೇಲೆ ಮಾಂಸ ತಿಂದರೆ ಎರಡರಿಂದ ಆರು ಗಂಟೆಗಳ ನಂತರ ಪ್ರತಿಕ್ರಿಯೆ ಶುರುವಾಗುತ್ತದೆ. ಕೆಲವರಲ್ಲಿ ಗಂಧೆಯೂ ಏಳುವುದಿಲ್ಲ, ಬರೀ ಹೊಟ್ಟೆನೋವು ಮತ್ತು ವಾಂತಿ ಭೇದಿ. ಮೀನು, ಕೋಳಿ ತಿಂದರೆ ಏನೂ ಆಗುವುದಿಲ್ಲ.

2024ರ ಬೇಸಿಗೆಯಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಸತ್ತ ಒಬ್ಬ ವ್ಯಕ್ತಿಯ ಪ್ರಕರಣವನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯರು 2025ರಲ್ಲಿ ಪ್ರಕಟಿಸಿದರು. ಆತ ರಾತ್ರಿ ದನದ ಮಾಂಸ ತಿಂದು ಮಲಗಿದ್ದಾಗ ನಡುರಾತ್ರಿ ತೀವ್ರ ಹೊಟ್ಟೆನೋವಿನಿಂದ ಎದ್ದು ನರಳಿದ್ದ, ಬೆಳಗಾಗುವುದರೊಳಗೆ ಸುಧಾರಿಸಿಕೊಂಡಿದ್ದ. ಎರಡು ವಾರಗಳ ನಂತರ ಹ್ಯಾಂಬರ್ಗರ್ ತಿಂದ ಸುಮಾರು ನಾಲ್ಕು ಗಂಟೆಗೆ ಮತ್ತೆ ಅಸ್ವಸ್ಥನಾಗಿ ಸತ್ತ. ಶವಪರೀಕ್ಷೆಯಲ್ಲಿ ಕಾರಣ ಸಿಗಲಿಲ್ಲ. ಉಳಿಸಿಟ್ಟಿದ್ದ ರಕ್ತವನ್ನು ಆಮೇಲೆ ಪರೀಕ್ಷಿಸಿದಾಗ ಆಲ್ಫಾ ಗಾಲ್ ವಿರುದ್ಧದ ಪ್ರತಿಕಾಯ ಸಿಕ್ಕಿತು, ಟ್ರಿಪ್ಟೇಸ್ ಪ್ರಮಾಣ ಮಿಲಿಲೀಟರಿಗೆ 2000 ನ್ಯಾನೋಗ್ರಾಂ ದಾಟಿತ್ತು.

ಹಾಗಾಗಿ ‘ಹೊಟ್ಟೆ ಕೆಟ್ಟು ಸತ್ತರು’ ಎಂಬ ಕಡತ ಕೈಗೆ ಬಂದಾಗ ಹಿಂದಿನ ಕೆಲವು ವಾರಗಳಲ್ಲಿ ಇಂಥದೇ ರಾತ್ರಿ ಬಂದಿತ್ತೇ, ಅಂದು ಏನು ತಿಂದಿದ್ದರು, ಕಾಡು ಅಥವಾ ಹುಲ್ಲುಗಾವಲಿನಲ್ಲಿ ಓಡಾಡಿದ್ದರೇ, ಕಾಲಿನಲ್ಲಿ ತುರಿಸುವ ಕಡಿತಗಳಿದ್ದವೇ ಎಂದು ಕೇಳಿ. ಒಂದು ಪೈಸೆಯೂ ಬೇಡ.

ಲಕ್ಷಣ: ಸುಧಾರಿಸಿಕೊಳ್ಳುತ್ತಿದ್ದವರು ಎದ್ದು ಕುಳಿತ ಕೂಡಲೇ ಹೋದರು

ರಕ್ತನಾಳಗಳು ಖಾಲಿಯಾಗಿರುವಾಗ ಮಲಗಿದ್ದವರನ್ನು ಎಬ್ಬಿಸಿ ಕೂರಿಸಿದರೆ ಅಥವಾ ನಿಲ್ಲಿಸಿದರೆ, ಹೃದಯಕ್ಕೆ ಮರಳಬೇಕಾದ ಅಷ್ಟಿಷ್ಟು ರಕ್ತವೂ ಕಾಲಿಗಿಳಿಯುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ, ಪಂಪ್ ಮಾಡಲು ರಕ್ತವಿರುವುದಿಲ್ಲ. ಈ ಕ್ರಮವನ್ನು ಸಾಕ್ಷಿಗಳು ವಿವರಿಸಿದರೆ ಅದನ್ನು ಅವರ ಮಾತುಗಳಲ್ಲೇ ದಾಖಲಿಸಿ. ಎಬ್ಬಿಸಿದವರನ್ನು ದೂಷಿಸಬೇಡಿ, ಅವರು ನೆರವಾಗಲೆಂದೇ ಎಬ್ಬಿಸಿರುತ್ತಾರೆ.

ಲಕ್ಷಣ: ಶವಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ

ಧ್ವನಿಪೆಟ್ಟಿಗೆ ಮತ್ತು ಅದರ ಮೇಲಿನ ಮುಚ್ಚಳವಾದ ಎಪಿಗ್ಲಾಟಿಸ್‌ನ ಊತ, ಶ್ವಾಸಕೋಶದಲ್ಲಿ ನೀರು, ಲೋಳೆಯ ಬಿರಡೆ, ಅಲ್ಲಲ್ಲಿ ರಕ್ತದ ಚುಕ್ಕೆಗಳು: ಇಷ್ಟು ಸಿಕ್ಕರೆ ಅದೃಷ್ಟ. ಗಂಧೆ ಸಾವಿನ ನಂತರ ಮಾಸಿಹೋಗುತ್ತದೆ. ಪಂಫ್ರಿ ಮತ್ತು ಸಹೋದ್ಯೋಗಿ 2000ರಲ್ಲಿ ಪ್ರಕಟಿಸಿದ 56 ಅಲರ್ಜಿ ಸಾವುಗಳ ಶವಪರೀಕ್ಷೆಗಳಲ್ಲಿ 23ರಲ್ಲಿ ಅಲರ್ಜಿಯನ್ನು ಸೂಚಿಸುವ ಯಾವ ಗುರುತೂ ಬರಿಗಣ್ಣಿಗೆ ಸಿಕ್ಕಿರಲಿಲ್ಲ. ಅಂದರೆ ಶವ ‘ಸ್ವಚ್ಛ’ವಾಗಿರುವುದು ಅಲರ್ಜಿಯನ್ನು ತಳ್ಳಿಹಾಕುವುದಿಲ್ಲ.

ಅದೇ ಗುರುತುಗಳು ಇದ್ದ ಮಾತ್ರಕ್ಕೆ ಅಲರ್ಜಿ ಸಾಬೀತಾಗುವುದೂ ಇಲ್ಲ. ಹೃದಯ ಸೋತಾಗ, ಹೆರಾಯಿನ್, ಮಾರ್ಫಿನ್‌ನಂತಹ ಓಪಿಯಾಯ್ಡ್ ಅತಿಯಾದಾಗ, ಎದೆ ಒತ್ತಿ ಬದುಕಿಸಲು ಯತ್ನಿಸಿದಾಗ ಶ್ವಾಸಕೋಶ ಒದ್ದೆಯಾಗುತ್ತದೆ. ಹೃದಯದ ರಕ್ತನಾಳದಲ್ಲಿ ಅಡಚಣೆ ಕಂಡರೂ ಅಲ್ಲಿಗೇ ನಿಲ್ಲಿಸಲಾಗದು. ಮಾಸ್ಟ್ ಕೋಶಗಳ ಸ್ರಾವದಿಂದಲೇ ಹೃದಯದ ರಕ್ತನಾಳ ಸೆಟೆದುಕೊಳ್ಳಬಹುದು, ಹೆಪ್ಪುಗಟ್ಟಬಹುದು. 1991ರಲ್ಲಿ ನಿಕೋಲಸ್ ಕೂನಿಸ್ ವಿವರಿಸಿದ್ದರಿಂದ ಅದಕ್ಕೆ ಕೂನಿಸ್ ಸಿಂಡ್ರೋಮ್ ಎಂದೇ ಹೆಸರು. ಯಕೃತ್ತಿನಲ್ಲಿ ಒಡೆದ ನೀರ್ಗುಳ್ಳೆ ಕಂಡರೆ ಹೈಡಾಟಿಡ್ ಎಂಬ ಪರೋಪಜೀವಿಯ ಗುಳ್ಳೆಯೇ ಎಂದು ನೋಡಿ. ಅದು ಒಡೆದು ಚೆಲ್ಲಿದ ದ್ರವವೇ ಒಳಗಿನಿಂದ ಅಲರ್ಜಿ ಎಬ್ಬಿಸಬಲ್ಲದು.

ಅನುಮಾನವಿದ್ದರೆ ಶ್ವಾಸನಾಳ, ಶ್ವಾಸಕೋಶ, ಗುಲ್ಮ, ಹೃದಯ ಮತ್ತು ಕರುಳಿನ ತುಣುಕುಗಳನ್ನು ಸೂಕ್ಷ್ಮದರ್ಶಕಕ್ಕೆ ಕಳಿಸಿ, ಹೊಟ್ಟೆಯಲ್ಲಿರುವುದನ್ನು ಫಾರ್ಮಲಿನ್ ಹಾಕದೆ ಶೈತ್ಯೀಕರಿಸಿ.

ಲಕ್ಷಣ: ಟ್ರಿಪ್ಟೇಸ್ ವರದಿ ಬಂದಿದೆ, ಅರ್ಥವಾಗುತ್ತಿಲ್ಲ

ಮೊದಲು ರಕ್ತ ಎಲ್ಲಿಂದ ತೆಗೆದದ್ದು ಎಂದು ಕೇಳಿ. ಹೃದಯದಿಂದ ತೆಗೆದ ರಕ್ತದಲ್ಲಿ ಅಂಕಿ ಸುಳ್ಳಾಗಿ ಏರಿರುತ್ತದೆ. ತೊಡೆಯ ಫೆಮೋರಲ್ ಸಿರೆಯನ್ನು ಮೇಲ್ಭಾಗದಲ್ಲಿ ಕಟ್ಟಿ, ಅದರ ಕೆಳಗಿನಿಂದ ತೆಗೆದ ರಕ್ತವೇ ನಂಬಿಕೆಗೆ ಅರ್ಹ. ಸಾವಿನ ನಂತರ ಎರಡು ಮೂರು ದಿನಗಳೊಳಗೆ, ಶವ ಕೊಳೆಯುವ ಮೊದಲು ತೆಗೆದು, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬೇರ್ಪಡಿಸಿ ಶೈತ್ಯೀಕರಿಸಬೇಕು. ಹಿಸ್ಟಮಿನ್ ಅಳೆಯಲು ಹೋಗಬೇಡಿ, ಅದು ಉಳಿಯುವುದಿಲ್ಲ.

ಬದುಕಿರುವವರಲ್ಲಿ ಸಹಜ ಮಿತಿ ಮಿಲಿಲೀಟರಿಗೆ 11.4 ನ್ಯಾನೋಗ್ರಾಂ. ಈ ಮಿತಿಯನ್ನು ಶವಕ್ಕೆ ಹಚ್ಚಿದರೆ ಅಲರ್ಜಿಯಿಲ್ಲದ ಸಾವುಗಳೂ ಅಲರ್ಜಿಯ ಲೆಕ್ಕಕ್ಕೆ ಸೇರುತ್ತವೆ. ತೊಡೆಯ ರಕ್ತಕ್ಕೆ 44ರಿಂದ 54ರ ನಡುವಿನ ಗಡಿಗಳನ್ನು ಬೇರೆ ಬೇರೆ ಅಧ್ಯಯನಗಳು ಸೂಚಿಸಿವೆ. ಅದಕ್ಕಿಂತ ಹೆಚ್ಚಿದ್ದು ಸಾವಿನ ಕಥೆಯೂ ಹೊಂದಿದರೆ ಅಲರ್ಜಿಗೆ ಬಲ ಬರುತ್ತದೆ. ಕಥೆ ಹೊಂದದಿದ್ದರೆ ಬರೀ ಅಂಕಿಯನ್ನು ನೆಚ್ಚಬೇಡಿ. ತೀವ್ರ ಗಾಯ, ಉಸಿರುಗಟ್ಟುವಿಕೆ, ಹೆರಾಯಿನ್ ಸಾವುಗಳಲ್ಲೂ ಅದು ಏರಿದ್ದುಂಟು. ಇದ್ದಕ್ಕಿದ್ದಂತೆ ಸತ್ತ ಶಿಶುಗಳಲ್ಲೂ ಕೆಲವೊಮ್ಮೆ ಏರಿರುತ್ತದೆ. ಅದೊಂದರಿಂದಲೇ ಹಾಲಿನ ಅಲರ್ಜಿ ಎಂದು ತಾಯಿಗೆ ಹೇಳುವುದು ಕ್ರೌರ್ಯ.

ಕಡಿಮೆ ಬಂದರೆ? ಆಹಾರದ ಅಲರ್ಜಿಯಲ್ಲಿ ಟ್ರಿಪ್ಟೇಸ್ ಏರದೆಯೇ ಸಾವು ಬರಬಹುದು. ಜೊತೆಗೆ ಜೀವವಿರುವ ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು ಎರಡೇ ಗಂಟೆ. ಪ್ರತಿಕ್ರಿಯೆಯ ನಂತರ ಒಂದು ದಿನ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲಿದ್ದು ಸತ್ತವರ ಶವದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಆಸ್ಪತ್ರೆಗೆ ಬಂದ ಗಳಿಗೆಯ ಮಾದರಿ ಬೇಕು ಎಂದು ಆರಂಭದಲ್ಲೇ ಒತ್ತಿ ಹೇಳಿದ್ದು ಅದಕ್ಕೇ.

ಅಂಕಿ ಬಹಳ ಹೆಚ್ಚಿದ್ದು ಕೆರಳಿಸಿದ ವಸ್ತು ಯಾವುದೂ ಸಿಗದಿದ್ದರೆ ಮಾಸ್ಟೋಸೈಟೋಸಿಸ್ ಎಂಬ, ಮಾಸ್ಟ್ ಕೋಶಗಳೇ ಅತಿಯಾಗಿ ಬೆಳೆಯುವ ಕಾಯಿಲೆ ಇತ್ತೇ ಎಂದು ಅಸ್ಥಿಮಜ್ಜೆಯಲ್ಲಿ ನೋಡಿ.

ಕೊನೆಯ ಹಂತ: ನಿರ್ದಿಷ್ಟ ಪ್ರತಿಕಾಯ ಮತ್ತು ಆಹಾರದ ವಿಶ್ಲೇಷಣೆ

ದುಬಾರಿ ಪರೀಕ್ಷೆಗಳಿವು. ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯ ಸತ್ತ ನಂತರವೂ ಸೀರಮ್‌ನಲ್ಲಿ ಚೆನ್ನಾಗಿ ಉಳಿಯುತ್ತದೆ. ಆದರೆ ಯಾವ ವಸ್ತುವಿನ ವಿರುದ್ಧ ಹುಡುಕಬೇಕು ಎಂದು ಹೇಳದೆ ಪ್ರಯೋಗಾಲಯಕ್ಕೆ ಕಳಿಸಿದರೆ ಹಣ ಪೋಲು. ಸಾಕ್ಷಿಗಳ ಹೇಳಿಕೆಯಿಂದ ಮೂರು ನಾಲ್ಕು ಅನುಮಾನಗಳನ್ನು ಆರಿಸಿಕೊಂಡು ಅವನ್ನಷ್ಟೇ ಕೇಳಿ. ಫಲಿತಾಂಶ ಧನಾತ್ಮಕವಾಗಿ ಬಂದರೆ ದೇಹ ಆ ವಸ್ತುವನ್ನು ಗುರುತಿಸುತ್ತಿತ್ತು ಎಂದಷ್ಟೇ ಅರ್ಥ. ಕಡಲೆಕಾಯಿಗೆ ಪ್ರತಿಕಾಯವಿದ್ದೂ ನಿತ್ಯ ಕಡಲೆಕಾಯಿ ತಿಂದು ಸುಖವಾಗಿರುವವರು ಎಷ್ಟೋ ಜನ. ಇನ್ನು ನೋವಿನ ಮಾತ್ರೆ, ಕಾಂಟ್ರಾಸ್ಟ್ ಮೊದಲಾದವುಗಳ ಪ್ರತಿಕ್ರಿಯೆಗಳಲ್ಲಿ ಹಲವಕ್ಕೆ ಈ ಪ್ರತಿಕಾಯದ ಹಂಗೇ ಇಲ್ಲ, ಅಲ್ಲಿ ಋಣಾತ್ಮಕ ವರದಿಯಿಂದ ಏನೂ ತಿಳಿಯುವುದಿಲ್ಲ. ಹೊಟ್ಟೆಯಲ್ಲಿದ್ದ ಆಹಾರದಲ್ಲಿ ಅದೇ ವಸ್ತು ಪತ್ತೆಯಾದರೆ ಕೊಂಡಿ ಗಟ್ಟಿಯಾಗುತ್ತದೆ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ಮನೆಯವರು ತಾವೇ ಪತ್ತೇದಾರಿಕೆಗೆ ಇಳಿಯುವುದು ಬೇಡ. ಹೇಳಿಕೆ ಕೊಡಿ, ವಸ್ತುಗಳನ್ನು ಮುಟ್ಟದೆ ಒಪ್ಪಿಸಿ, ಅಲರ್ಜಿಯ ಅನುಮಾನವಿದೆ ಎಂದು ಬರವಣಿಗೆಯಲ್ಲಿ ತಿಳಿಸಿ. ಅದೇ ಆಹಾರ ಅಥವಾ ಔಷಧಿಯನ್ನು ಬೇರೆಯವರಿಗೆ ಕೊಟ್ಟು ನೋಡುವುದು ಪ್ರಾಣಾಪಾಯ. ಪೊಟ್ಟಣದ ಮೇಲೆ ನಮೂದಿಸದ ಪದಾರ್ಥ ಒಳಗಿದೆ ಎಂಬ ಅನುಮಾನ ಬಂದರೆ ಆಹಾರ ಸುರಕ್ಷತೆಯ ಅಧಿಕಾರಿಗಳಿಗೆ ಅಂದೇ ತಿಳಿಸಬೇಕು. ಅದೇ ಬ್ಯಾಚಿನ ಪೊಟ್ಟಣಗಳು ಇನ್ನೂ ಮಾರಾಟವಾಗುತ್ತಿರಬಹುದು. ಶವಾಗಾರದಲ್ಲಿ ಕೆಲಸ ಮಾಡುವವರು ಬಳಸಿದ ಅಡ್ರಿನಲಿನ್ ಪೆನ್ನಿನ ಸೂಜಿ ಹೊರಗಿರಬಹುದೆಂದು ಎಣಿಸಿಯೇ ಅದನ್ನು ಎತ್ತಬೇಕು. ಪೆನ್ನು ಬಳಸಿದ್ದರೆ ಅವಧಿ ಮುಗಿದಿತ್ತೇ, ಸೂಜಿ ತೊಡೆಗೆ ಚುಚ್ಚಿತ್ತೇ ಅಥವಾ ತಪ್ಪಾಗಿ ಹೆಬ್ಬೆರಳಿಗೇ, ಎಂಬುದೂ ವರದಿಗೆ ಸೇರಬೇಕು.

ಟ್ರಿಪ್ಟೇಸ್ 15ರಿಂದ 40ರ ನಡುವೆ ನಿಂತಿದ್ದರೆ, ಹೃದಯದಲ್ಲೂ ಕಾಯಿಲೆ ಇದ್ದರೆ, ಅಥವಾ ಸಾವು ಶಸ್ತ್ರಚಿಕಿತ್ಸೆಯ ವೇಳೆ ಆಗಿದ್ದರೆ ಶವಪರೀಕ್ಷೆ ಮಾಡಿದವರು ಒಬ್ಬರೇ ತೀರ್ಮಾನಿಸದೆ ಅಲರ್ಜಿ ತಜ್ಞರನ್ನು ಜೊತೆಗೆ ಕೂರಿಸಿಕೊಳ್ಳಲಿ. ಅಲರ್ಜಿ ಎಂದು ಬರೆಯುವುದಾದರೆ ಎಷ್ಟು ಖಚಿತ ಎಂಬುದನ್ನೂ ಬರೆಯಿರಿ: ವಸ್ತು ಗೊತ್ತಿದೆ, ಕಥೆ ಹೊಂದುತ್ತದೆ, ಟ್ರಿಪ್ಟೇಸ್ ಏರಿದೆ, ಬೇರೆ ಕಾರಣವಿಲ್ಲ. ಇವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದು ಓದುವವರಿಗೆ ಕಾಣಬೇಕು. ಮೃತರಿಗೆ ಮಾಸ್ಟೋಸೈಟೋಸಿಸ್ ಇತ್ತೆಂದೋ, ಟ್ರಿಪ್ಟೇಸ್ ಹುಟ್ಟಿನಿಂದಲೇ ಹೆಚ್ಚಿರುವ ಆನುವಂಶಿಕ ಸ್ಥಿತಿಯಿತ್ತೆಂದೋ ಅನುಮಾನ ಬಂದರೆ ಒಡಹುಟ್ಟಿದವರು ಮತ್ತು ಮಕ್ಕಳು ಅಲರ್ಜಿ ತಜ್ಞರನ್ನು ಕಾಣುವಂತೆ ವರದಿಯಲ್ಲೇ ಸೂಚಿಸಿ, ಮತ್ತು ಉಳಿದ ಸೀರಮ್ಮನ್ನು ಅವರ ಪರೀಕ್ಷೆ ಮುಗಿಯುವವರೆಗೆ ಎಸೆಯದೆ ಇಡಿ.